ಕಚ್ಚಿಕೊಂಡ ಆಕ್ಸಿಜನ್ ಸೆನ್ಸರ್: ಬಲ ಹಾಕಿದರೆ ಬರುತ್ತದೆಯೇ?

ಹಳೆಯ ಪೆಟ್ರೋಲ್ ಕಾರಿನ ಆಕ್ಸಿಜನ್ ಸೆನ್ಸರ್ ಬಿಚ್ಚಲು ಬಾರದಿದ್ದರೆ ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಬಲ ಹಾಕಿದರಾಯಿತು ಎನ್ನುವವರನ್ನು ನಾವು ನೋಡಿದ್ದೇವೆ. ಇದು ದುಬಾರಿ ಸಲಹೆ. ಎಕ್ಸಾಸ್ಟ್ ಪೈಪು ದಿನವೂ ನೂರಾರು ಡಿಗ್ರಿ ಕಾದು ತಣಿಯುತ್ತದೆ, ಮಳೆನೀರೂ ತಾಗುತ್ತದೆ. ಹೀಗಾಗಿ ಸೆನ್ಸರಿನ ಥ್ರೆಡ್‌ಗಳ ಸಂದಿಯಲ್ಲಿ ತುಕ್ಕು ಕಚ್ಚಿರುತ್ತದೆ. ಒಮ್ಮೆಲೇ ತಿರುಗಿಸಿದರೆ ಪೈಪಿನ ಕಡೆಯ ಥ್ರೆಡ್ಡೇ ಕಿತ್ತು ಬರಬಹುದು.

ಹಿಂದಿನ ರಾತ್ರಿ, ಪೈಪು ತಣ್ಣಗಿರುವಾಗ, ತುಕ್ಕು ಸಡಿಲಿಸುವ ಎಣ್ಣೆ ಬಿಡಿ. ಕಾದ ಪೈಪಿಗೆ ಸಿಂಪಡಿಸಿದರೆ ಬೆಂಕಿ ಹತ್ತೀತು. ಮರುದಿನ ಚೆಲ್ಲಿದ ಎಣ್ಣೆ ಒರೆಸಿ, ಬಯಲಿನಲ್ಲಿ ಕೆಲವು ನಿಮಿಷ ಎಂಜಿನ್ ಓಡಿಸಿ, ಆಫ್ ಮಾಡಿ. ಮುಚ್ಚಿದ ಶೆಡ್ಡಿನಲ್ಲಿ ಬೇಡವೇ ಬೇಡ, ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಶಾಖಕ್ಕೆ ಲೋಹ ಹಿಗ್ಗಿ ತುಕ್ಕಿನ ಹಿಡಿತ ಸಡಿಲುತ್ತದೆ. ದಪ್ಪ ಕೈಗವಸು ಹಾಕಿಕೊಂಡು, ವೈರಿಗಾಗಿ ಸೀಳು ಬಿಟ್ಟ ಸಾಕೆಟ್‌ನಿಂದ (ಹೆಚ್ಚಿನವುಗಳಿಗೆ 22 ಮಿ.ಮೀ.) ತುಸು ಸಡಿಲಿಸಿ, ಬಿಗಿಯಾದರೆ ತುಸು ಹಿಂದಕ್ಕೆ ತಿರುಗಿಸಿ, ಮತ್ತೆ ಸಡಿಲಿಸಿ. ಇಲ್ಲಿ ತಾಳ್ಮೆಯೇ ಮುಖ್ಯ ಹತಾರ.

ಅದಕ್ಕೂ ಮೊದಲು ಒಂದು ಪ್ರಶ್ನೆ: ಕೆಟ್ಟಿರುವುದು ಸೆನ್ಸರೇ ಹೌದೇ? ಎಕ್ಸಾಸ್ಟ್ ಗ್ಯಾಸ್ಕೆಟ್ ಸೋರಿ ಹೊರಗಿನ ಗಾಳಿ ಒಳಸೇರಿದರೂ ಚೆಕ್ ಎಂಜಿನ್ ದೀಪ ಹೊತ್ತಬಹುದು. ಆಗ ಸೆನ್ಸರ್ ತನಗೆ ಸಿಕ್ಕ ಆಮ್ಲಜನಕವನ್ನು ಸರಿಯಾಗಿಯೇ ಅಳೆಯುತ್ತಿರುತ್ತದೆ.