ಮಳೆ ಬಂದ ಮೇಲಿನ ಇಪ್ಪತ್ತು ದಿನ

ಯುಗಾದಿ ಕಳೆದು ಹದಿನೈದು ದಿನ ಸಲ್ಲುವಷ್ಟರಲ್ಲಿ ಹಾವೇರಿ ಸೀಮೆಯ ನೆಲ ಬಣ್ಣಗೆಡುತ್ತದೆ. ಹತ್ತಿಯ ಕಟ್ಟಿಗೆ ಕಿತ್ತ ಎರೆಹೊಲಗಳು ಬಾಯಿಬಿಟ್ಟು ಮಲಗಿರುತ್ತವೆ. ಬ್ಯಾಡಗಿಯ ಪೇಟೆಯಲ್ಲಿ ಕೆಂಪು ಮೆಣಸಿನಕಾಯಿಯ ರಾಶಿ ಕರಗುತ್ತ ಬಂದಿರುತ್ತದೆ. ರಾಣೆಬೆನ್ನೂರಿನ ಮಸಾರಿ ದಿಬ್ಬಗಳ ಮೇಲೆ ದನದ ಹಿಂಡು ಮೂತಿಯನ್ನು ನೆಲಕ್ಕೆ ಹಚ್ಚಿ ನಡೆಯುತ್ತಿರುತ್ತದೆ. ದೂರದಿಂದ ನೋಡಿದವರಿಗೆ ಅದು ಮೇಯುತ್ತಿರುವಂತೆಯೇ ತೋರೀತು. ಹತ್ತಿರ ಹೋದರೆ ಮಾತ್ರ, ಅಲ್ಲಿ ಮೇಯುವುದಕ್ಕೆ ಏನೂ ಇಲ್ಲವೆಂಬುದು ತಿಳಿಯುತ್ತದೆ. ಬಿಸಿಲಲ್ಲಿ ಐದಾರು ಮೈಲಿ ಅಲೆದು ಮನೆಗೆ ಮರಳುವ ಹಸು ಗಳಿಸಿದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚು. ಆ ಸಂಜೆಯ ಹಾಲಿನ ಚರಿಗೆ ಅದರ ಲೆಕ್ಕವನ್ನು ಒಪ್ಪಿಸುತ್ತದೆ.

ಬೇಸಗೆಯೆಂದರೆ ಹೀಗೆಯೇ ಎಂದು ಒಕ್ಕಲಿಗನು ಆಕಾಶದ ಕಡೆಗೆ ಕೈ ತೋರಿಸುವುದುಂಟು. ಆದರೆ ಈ ಹಸಿವಿನ ಬೀಜ ಬಿದ್ದದ್ದು ಹಿಂದಿನ ವರ್ಷದ ರೋಹಿಣಿ ಮಳೆಯಲ್ಲಿ, ನೆಲ ಹಸಿರಾಗತೊಡಗಿದ ಆ ಸಂತೋಷದ ದಿನಗಳಲ್ಲಿ ಎಂದರೆ ನಂಬುವವರು ಕಡಿಮೆ.

ಹಿಂದೆ ಈ ಭಾಗದ ಒಕ್ಕಲುತನದಲ್ಲಿ ಮನುಷ್ಯನಿಗೂ ದನಕ್ಕೂ ಒಂದೇ ಬೆಳೆಯಲ್ಲಿ ಪಾಲಿತ್ತು. ಜೋಳದ ತೆನೆ ಹಗೇವಿಗೆ, ಕಣಿಕೆ ಬಣವೆಗೆ. ಬಣವೆ ಎಷ್ಟು ಎತ್ತರವೋ ಮನೆತನದ ಮಾನವೂ ಅಷ್ಟೇ ಎತ್ತರ. ಈಗ ಹೊಲಗಳ ಬಹುಭಾಗವನ್ನು ಗೋವಿನಜೋಳವೂ ಹತ್ತಿಯೂ ಹಿಡಿದಿವೆ. ಹತ್ತಿ ರೈತನಿಗೆ ಹಣ ತರುತ್ತದೆ. ಹಸುವಿಗೆ ಏನನ್ನೂ ತರುವುದಿಲ್ಲ. ಗೋವಿನಜೋಳದ ಸೊಪ್ಪೆ ಬೇಕಾದಷ್ಟು ಸಿಕ್ಕುತ್ತದೆ. ಆದರೆ ದಪ್ಪ ದಂಟನ್ನು ದನ ಇಡಿಯಾಗಿ ತಿನ್ನದು ಎಂಬ ಕಾರಣಕ್ಕೆ ಅದು ಎಷ್ಟೋ ಕಡೆ ಹೊಲದಲ್ಲಿಯೇ ಒಣಗಿ ಬೆಂಕಿಗೆ ಆಹುತಿಯಾಗುತ್ತದೆ. ಹೀಗೆ ಮನೆಯ ಮೇವು ಕುಗ್ಗಿದಂತೆಲ್ಲ ಊರಿನ ದನಗಳ ಭಾರವೆಲ್ಲ ಗಾಯರಾಣದ ಮೇಲೆ ಬಿದ್ದಿದೆ.

ಈ ಗಾಯರಾಣಕ್ಕಾಗಿ ಇದೇ ಸೀಮೆಯ ಜನ ಒಮ್ಮೆ ದೊಡ್ಡ ಹೋರಾಟವನ್ನೇ ಹೂಡಿದ್ದರು. 1984ರಲ್ಲಿ ಸರಕಾರವೂ ಹರಿಹರದ ಪಾಲಿಫೈಬರ್ಸ್ ಕಾರಖಾನೆಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿಯನ್ನು ಕಟ್ಟಿದವು. ಸುಮಾರು 30,000 ಹೆಕ್ಟೇರು ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿಯಂಥ ಮರಗಳನ್ನು ಬೆಳೆದು ಕಾರಖಾನೆಗೆ ಒದಗಿಸುವುದು ಅದರ ಉದ್ದೇಶ. ದನ ಮೇಯುವ, ಸೌದೆ ಆಯುವ ನೆಲವೇ ಹೋದರೆ ಬಡವರ ಗತಿಯೇನು? ಶಿವರಾಮ ಕಾರಂತರೂ ಸಮಾಜ ಪರಿವರ್ತನ ಸಮುದಾಯದವರೂ ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. 1987ರ ನವೆಂಬರ್ 14ರಂದು, ಆಗ ಧಾರವಾಡ ಜಿಲ್ಲೆಗೆ ಸೇರಿದ್ದು 1997ರಿಂದ ಹಾವೇರಿ ಜಿಲ್ಲೆಯಲ್ಲಿರುವ ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಜನ ನೀಲಗಿರಿಯ ಸಸಿಗಳನ್ನು ಕಿತ್ತು, ತಮಗೂ ದನಕರುಗಳಿಗೂ ಉಪಯೋಗವಾಗುವ ಸಸಿಗಳನ್ನು ಹಚ್ಚಿದರು. 1991ರಲ್ಲಿ ಆ ಕಂಪನಿ ಮುಚ್ಚಿತು.

ನೆಲವನ್ನು ಉಳಿಸಿಕೊಂಡದ್ದು ಸಾಮಾನ್ಯ ಸಂಗತಿಯಲ್ಲ. ಆದರೆ ನೆಲ ಉಳಿದ ಮಾತ್ರಕ್ಕೆ ಹುಲ್ಲು ಉಳಿಯುವುದಿಲ್ಲ. ನೀಲಗಿರಿಯನ್ನು ಕೀಳಬಹುದು, ಹಸಿದ ದನದ ಬಾಯಿಯನ್ನು ಕಟ್ಟುವುದು ಅದಕ್ಕಿಂತ ಕಷ್ಟ.

ಹುಲ್ಲಿನ ಜೀವವಿರುವುದು ಬುಡದಲ್ಲಿ. ಬೇಸಗೆಯುದ್ದಕ್ಕೂ ಸತ್ತಂತೆ ಕಾಣುವ ಗರಿಕೆ, ಕರಡಗಳ ಬುಡದಲ್ಲಿಯೂ ಬೇರಿನಲ್ಲಿಯೂ ಹಿಂದಿನ ವರ್ಷ ಎಲೆಗಳು ದುಡಿದು ಕೂಡಿಟ್ಟ ಆಹಾರದ ಒಂದು ಸಣ್ಣ ಗಂಟು ಇರುತ್ತದೆ. ಮೊದಲ ಹದಮಳೆ ಬಿದ್ದೊಡನೆ ಹುಲ್ಲು ಆ ಗಂಟನ್ನು ಬಿಚ್ಚಿ ಚಿಗುರನ್ನು ಹೊರಡಿಸುತ್ತದೆ. ಚಿಗುರು ಬಲಿತು ಎಲೆ ಬಿಚ್ಚಿದ ಮೇಲೆಯೇ ಬೇರಿನ ಸಾಲ ತೀರುವುದು. ಅದಕ್ಕೆ ಮೊದಲೇ ದನ ಅದನ್ನು ಕಚ್ಚಿದರೆ ಬೇರು ಮತ್ತೊಮ್ಮೆ ಗಂಟು ಬಿಚ್ಚಬೇಕು; ಹೀಗೆ ಮತ್ತೆ ಮತ್ತೆ ನಡೆದರೆ ಗಂಟಿನಲ್ಲಿ ಏನು ಉಳಿದೀತು? ಎಲೆಯ ಅರ್ಧಕ್ಕಿಂತ ಹೆಚ್ಚನ್ನು ಕತ್ತರಿಸಿದರೆ ಹುಲ್ಲಿನ ಬೇರುಗಳು ಕೆಲಕಾಲ ಬೆಳೆಯುವುದನ್ನೇ ನಿಲ್ಲಿಸುತ್ತವೆಂದು ಅಮೆರಿಕದ ಕ್ರೈಡರ್ ಎಂಬ ವಿಜ್ಞಾನಿ 1955ರಲ್ಲಿಯೇ ತೋರಿಸಿಕೊಟ್ಟನು. ಬೇರು ಸೋತ ಕಡೆ ಕರಡ ಅಳಿಯುತ್ತದೆ; ದನ ಮೂಸದ ಹಂಚಿಹುಲ್ಲು, ಆವರಿಕೆ, ಪಾರ್ಥೇನಿಯಂ ಕಸ ಅದರ ಜಾಗವನ್ನು ಹಿಡಿಯುತ್ತವೆ.

ಆದ್ದರಿಂದ ಗಾಯರಾಣಕ್ಕೆ ಅತ್ಯಂತ ಅಪಾಯದ ಕಾಲ ಸುಡುವ ಬೇಸಗೆಯಲ್ಲ, ಮಳೆ ಬಂದ ಮೇಲಿನ ಮೊದಲ ಇಪ್ಪತ್ತು ದಿನ. ಬಣವೆ ಅಷ್ಟರಲ್ಲಿ ಬರಿದಾಗಿರುತ್ತದೆ. ನೆಲದ ಮೇಲೆ ಹಸಿರು ಮಿನುಗುತ್ತಿರುತ್ತದೆ. ದನಗಳ ಕಣ್ಣಿ ಬಿಚ್ಚದಿರಲು ಯಾರಿಗೆ ಮನಸ್ಸಾದೀತು? ಆ ಇಪ್ಪತ್ತು ದಿನ ಕಾದರೆ ಹುಲ್ಲು ಗೇಣುದ್ದ ಬೆಳೆಯುತ್ತದೆ. ಬಳಿಕ ಬುಡದಲ್ಲಿ ನಾಲ್ಕು ಬೆರಳಷ್ಟನ್ನು ಬಿಟ್ಟು ಮೇಯಿಸಿ, ಹಿಂಡನ್ನು ಮುಂದಿನ ಭಾಗಕ್ಕೆ ಹೊಡೆದರೆ ಅದು ಮತ್ತೆ ತಲೆಯೆತ್ತುತ್ತದೆ. ಗಾಯರಾಣವನ್ನು ನಾಲ್ಕು ಪಾಲು ಮಾಡಿ ಮೂರನ್ನು ಸರದಿಯ ಮೇಲೆ ಮೇಯಿಸುವುದು, ಒಂದನ್ನು ಬೀಜ ಉದುರುವವರೆಗೂ ಮುಟ್ಟದಿರುವುದು, ಮರುವರ್ಷ ಆ ಬಿಡುವನ್ನು ಮತ್ತೊಂದು ಪಾಲಿಗೆ ಕೊಡುವುದು — ಇದಕ್ಕೆ ತಂತಿಬೇಲಿಗಿಂತ ಊರಿನ ಒಪ್ಪಿಗೆಯೇ ಮುಖ್ಯ.

ಹಾಗಾದರೆ ಆ ದಿನಗಳಲ್ಲಿ ದನ ತಿನ್ನುವುದೇನು? 400 ಕಿಲೋ ತೂಗುವ ಹಸುವಿಗೆ ದಿನಕ್ಕೆ ತೇವ ಕಳೆದ ಲೆಕ್ಕದಲ್ಲಿ 10ರಿಂದ 12 ಕಿಲೋ ಆಹಾರ ಬೇಕು. ಶಿವರಾತ್ರಿಯಿಂದ ಮುಂಗಾರಿನವರೆಗೆ ನೂರು ದಿನವೆಂದಿಟ್ಟುಕೊಂಡರೆ ಒಂದು ಟನ್ನಿಗೂ ಮೇಲಾಯಿತು. ಇಪ್ಪತ್ತು ದಿನಕ್ಕೆ ಇನ್ನೂ 200ರಿಂದ 240 ಕಿಲೋ. ಇದರಲ್ಲಿ ಸ್ವಲ್ಪ ಭಾಗ ಹಿಂಡಿ, ಹೊಟ್ಟು, ಹಸಿಮೇವುಗಳಿಂದ ತುಂಬೀತು. ಉಳಿದದ್ದು ಬಣವೆಯಿಂದಲೇ ಬರಬೇಕು. ಈ ಲೆಕ್ಕವನ್ನು ಹಾಕಬೇಕಾದದ್ದು ಕೊಬ್ಬರಿ ಹೋರಿಗಳು ಓಡುವ ದೀಪಾವಳಿಯ ಹೊತ್ತಿಗೆ. ಆಗ ಗೋವಿನಜೋಳದ ಸೊಪ್ಪೆ ಹೊಲದಲ್ಲಿ ಬಿದ್ದಿರುತ್ತದೆ. ಬದುವಿನ ಹುಲ್ಲನ್ನು ಹೂವಾಡುವಾಗಲೇ ಕೊಯ್ದು ಒಣಗಿಸಿದ್ದರೆ ಅದರಲ್ಲಿ ಸತ್ವವೂ ಇರುತ್ತದೆ.

ಸೊಪ್ಪೆಯನ್ನು ಯಂತ್ರಕ್ಕೆ ಕೊಟ್ಟು ಸಣ್ಣಗೆ ಕತ್ತರಿಸಿದರೆ ದನ ಬಿಡುವುದು ಬಹಳ ಕಡಿಮೆ. 100 ಕಿಲೋ ಒಣಮೇವಿಗೆ 4 ಕಿಲೋ ಯೂರಿಯಾವನ್ನು 50 ಲೀಟರು ನೀರಿನಲ್ಲಿ ಪೂರ್ತಿ ಕರಗಿಸಿ ಪದರಪದರವಾಗಿ ಸಮನಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ 21 ದಿನ ಮುಚ್ಚಿಟ್ಟರೆ ಅದು ಮೆತ್ತಗಾಗಿ ಜೀರ್ಣಕ್ಕೆ ಒಗ್ಗುತ್ತದೆ. ತಿನ್ನಿಸುವ ಮುನ್ನ ಹರವಿ ಗಾಳಿಗೆ ಬಿಡಬೇಕು. ಆರು ತಿಂಗಳೊಳಗಿನ ಕರುಗಳಿಗೆ ಕೂಡದು. ಯೂರಿಯಾದ ನೀರು ದನದ ಬಾಯಿಗೆ ಸಿಕ್ಕರೆ ಪ್ರಾಣಕ್ಕೇ ಅಪಾಯ. ಕೊಳವೆಬಾವಿಯಿದ್ದವರು ಹತ್ತು ಗುಂಟೆಯಲ್ಲಿ ನೇಪಿಯರ್ ಹುಲ್ಲನ್ನು ಹಚ್ಚಬಹುದು. ಧಾರವಾಡದ ಹುಲ್ಲುಗಾವಲು ಸಂಶೋಧನಾ ಕೇಂದ್ರದ ಡಿ.ಎಚ್.ಎನ್.-6 ಎಂಬ ತಳಿ ಈ ಭಾಗಕ್ಕೆ ಹೊಂದುವಂಥದು.

ಇನ್ನು, ಹಸುವನ್ನು ಬರಿಯ ಅಭ್ಯಾಸಕ್ಕೆಂದು ಬಿಸಿಲಿಗೆ ಅಟ್ಟುವುದರಲ್ಲಿ ಅರ್ಥವಿಲ್ಲ. ಮುಂಜಾವದಲ್ಲಿ ಒಂದಿಷ್ಟು, ಸಂಜೆಗೆ ಒಂದಿಷ್ಟು ಅಡ್ಡಾಡಿಸಿ, ನಡುಹಗಲಿನಲ್ಲಿ ನೆರಳಿನಲ್ಲಿ ಕಟ್ಟುವುದು ಲೇಸು. ಮಿಶ್ರತಳಿಯ ಹಾಲಿನ ಹಸು ಈ ದಿನಗಳಲ್ಲಿ 60ರಿಂದ 80 ಲೀಟರು ನೀರು ಕುಡಿದೀತು, ಕುಡಿಯದಿದ್ದರೆ ಹಾಲಿಲ್ಲ. ಜೋಳ ಕೊಯ್ದ ಹೊಲದಲ್ಲಿ ಅಡ್ಡಮಳೆಗೆ ಒಡೆಯುವ ಕೂಳೆಯ ಚಿಗುರಿಗೆ ಮಾತ್ರ ದನವನ್ನು ಬಿಡಲೇಬಾರದು. ನೀರಿಲ್ಲದೆ ಬಾಡಿದ ಆ ಎಳೆಯ ಚಿಗುರಿನಲ್ಲಿ ವಿಷ ಹುಟ್ಟುತ್ತದೆ. ವೈದ್ಯ ಬರುವ ಮುನ್ನವೇ ಹಸು ನೆಲಕ್ಕೆ ಒರಗಬಹುದು.

ಕೊನೆಯದಾಗಿ ನ್ಯಾಯದ ಮಾತೊಂದಿದೆ. ಹತ್ತೆಕರೆಯ ಒಡೆಯನಿಗೆ ಗಾಯರಾಣ ಇಪ್ಪತ್ತು ದಿನ ಮುಚ್ಚಿದರೆ ಅಡ್ಡಿಯಿಲ್ಲ. ಅವನ ಬಣವೆ ಇದ್ದೇ ಇದೆ. ಗೇಣು ಹೊಲವಿಲ್ಲದೆ ಒಂದು ಹಸುವಿನ ಹಾಲಿನ ಮೇಲೆ ಮಕ್ಕಳ ಶಾಲೆ, ಮನೆಯ ಕಿರಾಣಿ ಸಾಗಿಸುವ ಹೆಂಗಸಿಗೆ ಆ ಇಪ್ಪತ್ತು ದಿನವೇ ಪ್ರಶ್ನೆ. ಹಿರಿಯರು ಪಂಚಾಯತಿಯಲ್ಲಿ ಕುಳಿತು ಮುಚ್ಚುವ ತೀರ್ಮಾನ ಮಾಡಿ, ಅವಳ ಕೊಟ್ಟಿಗೆಯನ್ನು ಮರೆತರೆ ಆ ತೀರ್ಮಾನ ಒಂದು ವಾರವೂ ನಿಲ್ಲದು. ನಿಲ್ಲುವುದು ನ್ಯಾಯವೂ ಅಲ್ಲ. ಸುಗ್ಗಿಯಲ್ಲಿ ಸುಡುವ ಸೊಪ್ಪೆಯನ್ನು ಊರಿನ ಹಾಲಿನ ಸಂಘವೇ ಕೊಂಡು ಕತ್ತರಿಸಿಟ್ಟು, ರೋಹಿಣಿಯ ಹೊತ್ತಿಗೆ ಇಂಥವರಿಗೆ ಕಡವಾಗಿ ಕೊಟ್ಟು, ಹಾಲಿನ ಪಗಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ಮುರಿದುಕೊಳ್ಳಬಹುದು. ಮುಚ್ಚಿದ ಪಾಲಿನಲ್ಲಿ ಕೊಯ್ದ ಹುಲ್ಲಿನ ಮೊದಲ ಹೊರೆ ಅವರ ಮನೆಗೇ ಹೋಗಬೇಕು.

ಒಂದು ಹಸುವಿಗೆ 240 ಕಿಲೋ ಮೇವು: ಒಂದು ಚಕ್ಕಡಿಯೂ ತುಂಬದ ಸೊಪ್ಪೆ. ಅದನ್ನು ಈ ವರ್ಷ ಸುಡದೆ ಎತ್ತಿಟ್ಟ ಊರಿನಲ್ಲಿ ಮುಂದಿನ ಯುಗಾದಿಗೆ ಗಾಯರಾಣದ ಬುಡಗಳಲ್ಲಿ ಜೀವವಿರುತ್ತದೆ.