ಹಸುವಿನ ಗೊರಸಿಗಷ್ಟೇ ಅಲ್ಲ, ನಿಮ್ಮ ಕಾಲಿಗೂ ಆರೈಕೆ ಬೇಕು



ಮಳೆಗಾಲದಲ್ಲಿ ಚಿಕಿತ್ಸೆಗೆ ಬಂದಾಗ ಹಸುವಿನ ಗೊರಸಿನ ಜೊತೆಗೆ, ಹಸು ಹಿಡಿದು ನಿಂತವರ ಕಾಲನ್ನೂ ನಾನು ನೋಡುತ್ತೇನೆ. ಹೆಚ್ಚಿನವರದು ಬರಿಗಾಲು. ಕೆಲವರು ಯಜಮಾನರು ಹಾಕಿ ಬಿಟ್ಟ ಚರ್ಮದ ಬೂಟು ಮೆಟ್ಟಿರುತ್ತಾರೆ. ಅಳತೆಗೆ ದೊಡ್ಡದು, ಒಳಗೆಲ್ಲ ಒದ್ದೆ.

“ಮೇಣ ಹಚ್ಚಿದರೆ ನೀರು ಇಳಿಯೋದಿಲ್ಲ ಅಲ್ವಾ ಡಾಕ್ಟ್ರೇ?” ಎಂದು ಒಬ್ಬರು ಕೇಳಿದರು. ಅರ್ಧ ನಿಜ. ನನ್ನ ಚರ್ಮದ ಬೂಟಿಗೆ ನಾನೂ ಮೇಣ ಹಚ್ಚುತ್ತೇನೆ. ಕೆಸರು ಒರೆಸಿ, ನೆರಳಲ್ಲಿ ಪೂರ್ತಿ ಒಣಗಿಸಿ, ಹೊಲಿಗೆಗೆ ಚೆನ್ನಾಗಿ ತಿಕ್ಕಿದರೆ ದಾರಿಯ ಮಳೆಯನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಒಲೆಯ ಪಕ್ಕ ಒಣಗಿಸಿದರೆ ಮಾತ್ರ ಚರ್ಮ ಸೆಟೆದು ಬಿರುಕು ಬಿಡುತ್ತದೆ. ಆದರೆ ದಿನಕ್ಕೆರಡು ಹೊತ್ತು ಸಗಣಿ, ಗಂಜಲದಲ್ಲಿ ನಿಲ್ಲುವ ಕೆಲಸಕ್ಕೆ ಆ ಮೇಣ ಸಾಲದು. ಹೊಲಿಗೆಯಲ್ಲಿ ಇಳಿದ ತೇವ ಬೇಗ ಆರುವುದಿಲ್ಲ, ತೊಳೆದು ಶುಚಿ ಮಾಡುವುದೂ ಕಷ್ಟ. ಕೊಟ್ಟಿಗೆಗೆ ರಬ್ಬರಿನ ಗಂಬೂಟೇ ಸರಿ ಎಂಬುದು ನನ್ನ ಅಭಿಪ್ರಾಯ.

ಇದು ಸೊಗಸಿನ ಮಾತಲ್ಲ. ಇಲಿ ಜ್ವರದ ರೋಗಾಣು ಇಲಿಯ ಮೂತ್ರದಲ್ಲೂ ಸೋಂಕು ತಗುಲಿದ ದನದ ಗಂಜಲದಲ್ಲೂ ಇರುತ್ತದೆ. ನೀರಲ್ಲಿ ನೆನೆದ, ಬಿರುಕು ಬಿಟ್ಟ ಕಾಲಿನ ಮೂಲಕ ಮೈ ಸೇರುತ್ತದೆ. ಜ್ವರದ ಜೊತೆ ಮೀನಖಂಡ ವಿಪರೀತ ನೋಯುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ದನ ಸಾಕುತ್ತೇನೆ ಎಂದು ಮರೆಯದೆ ಹೇಳಿ.

“ಗೋವಿನ ಹತ್ತಿರ ಮೆಟ್ಟು ಹಾಕಿ ಹೋಗೋದಾ?” ಎಂದು ಹಿರಿಯರು ಕೇಳಬಹುದು. ಕೊಟ್ಟಿಗೆಗೆಂದೇ ಒಂದು ಜೊತೆ ಮೀಸಲಿಡಿ, ಅದು ಬೀದಿ ತುಳಿಯದಿರಲಿ. ಕಾಲುಬಾಯಿ ಜ್ವರ ಮೆಟ್ಟಿಗೆ ಅಂಟಿಯೂ ಬರುವುದರಿಂದ, ಇದು ಹಸುವಿಗೂ ಒಳ್ಳೆಯದೇ. ಊರಲ್ಲಿ ಆ ರೋಗ ಕಂಡಾಗ ಗಂಬೂಟಿನ ಸಗಣಿ ತೊಳೆದು, 10 ಲೀಟರ್ ನೀರಿಗೆ 400 ಗ್ರಾಂ ಬಟ್ಟೆ ಒಗೆಯುವ ಸೋಡಾ ಕರಗಿಸಿ ಅದರಲ್ಲಿ ಅದ್ದಿ. ಉಳಿದ ದಿನ ತೊಳೆದು, ನೆರಳಲ್ಲಿ ಬೋರಲು ಹಾಕಿದರೆ ಸಾಕು.

ಹಸುವಿಗೆ ರಬ್ಬರ್ ಮ್ಯಾಟ್ ಹಾಸುವಾಗ ಯಾರೂ ಲೆಕ್ಕ ಕೇಳುವುದಿಲ್ಲ. ನಿಮ್ಮ ಗಂಬೂಟನ್ನೂ ಹಿಂಡಿ, ಬೂಸಾದ ಖರ್ಚಿನ ಸಾಲಿಗೇ ಸೇರಿಸಿ. ಅಂಗಡಿಯಲ್ಲಿ ಹೆಂಗಸರ ಅಳತೆ ಸಿಗದಿದ್ದರೆ ಹತ್ತು ಜನ ಸೇರಿ, ಸಂಘದ ಸಭೆಯಲ್ಲಿ ಒಟ್ಟಿಗೆ ತರಿಸಿಕೊಡಲು ಕೇಳಿ. ಡೇರಿಗೆ ಹಾಲು ಬರುವುದು ನಿಮ್ಮ ಕಾಲ ಮೇಲೆಯೇ ಅಲ್ಲವೇ?