ಮನಸ್ಸು ಗಟ್ಟಿ ಇದ್ದರೆ ಸಾಕೇ?

"ಮನಸ್ಸು ಗಟ್ಟಿ ಮಾಡಬೇಕ್ರಿ, ಕುಡಿತ ತಾನ ಬಿಡತೈತಿ." ಗಂಡನನ್ನೋ ಮಗನನ್ನೋ ಕರೆದುಕೊಂಡು ವ್ಯಸನಮುಕ್ತಿ ಕೇಂದ್ರಕ್ಕೆ ಹೋದ ಹೆಣ್ಣುಮಗಳ ಕಿವಿಗೆ ಮೊದಲು ಬೀಳುವ ಮಾತು ಇದು. ಹೇಳುವವರು ಕೆಟ್ಟವರಲ್ಲ. ಅವರಲ್ಲಿ ಎಷ್ಟೋ ಜನ ತಾವೇ ಒಂದು ಕಾಲಕ್ಕೆ ಕುಡಿದು, ಬಿಟ್ಟು, ನಾಲ್ಕು ಜನರಿಗೆ ಉಪಕಾರವಾಗಲೆಂದು ಈ ಕೆಲಸಕ್ಕೆ ನಿಂತವರು. ಅವರ ಕಳಕಳಿಗೆ ನಾನು ಕೈಮುಗಿಯುತ್ತೇನೆ. ನನ್ನ ತಕರಾರು ಅವರ ಹಟದ ಮೇಲೆ. "ನಾನು ಹೀಗೆ ಬಿಟ್ಟೆ, ಎಲ್ಲರೂ ಹೀಗೇ ಬಿಡಬೇಕು. ಔಷಧ ಯಾಕೆ? ಒಂದು ಚಟ ಬಿಡಿಸಲು ಇನ್ನೊಂದು ಚಟ ಹಚ್ಚುವುದೇ?" ಎನ್ನುತ್ತಾರೆ.

ಶಾಲೆ ಕಲಿತವರೆಲ್ಲ ಶಿಕ್ಷಕರಾಗುವುದಿಲ್ಲ. ಅದಕ್ಕೆಂದೇ ನಮಗೆ ಬಿ.ಎಡ್. ಮಾಡಿಸುತ್ತಾರೆ. ಒಂದು ರೀತಿಯಿಂದ ಲೆಕ್ಕ ತಿಳಿಯದ ಮಗುವಿಗೆ ಇನ್ನೊಂದು ರೀತಿಯಿಂದ ಹೇಳಬೇಕು. ಮಗುವೇ ದಡ್ಡ ಎಂದು ಕೈತೊಳೆದುಕೊಂಡರೆ ಆಗದು. ವ್ಯಸನಮುಕ್ತಿಯಲ್ಲಿ ಮಾತ್ರ ಮತ್ತೆ ಕುಡಿದವನೇ ಪ್ರತಿ ಸಲವೂ ತಪ್ಪುಗಾರ. ಹೇಳಿಕೊಟ್ಟ ಉಪಾಯ ಸರಿಯಿತ್ತೇ ಎಂದು ಯಾರೂ ಕೇಳುವುದಿಲ್ಲ.

ಗಲಗಲಿ, ಮುಧೋಳ, ಜಮಖಂಡಿಯ ನಮ್ಮ ಸೀಮೆ ಕಬ್ಬಿನ ಸೀಮೆ. ಕಬ್ಬಿನ ಬಿಲ್ಲು ಬಂದ ವಾರ ಮನೆಮನೆಯಲ್ಲಿ ಏನು ನಡೆಯುತ್ತದೆಂದು ಇಲ್ಲಿಯ ಹೆಂಗಸರಿಗೆ ಹೇಳಬೇಕಾಗಿಲ್ಲ. 2007ರ ಜುಲೈಯಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಕುಡಿತಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಗುತ್ತದೆಂದು 2019ರಲ್ಲಿ ಪ್ರಕಟವಾದ ಕೇಂದ್ರ ಸರಕಾರದ ಸಮೀಕ್ಷೆ ಹೇಳಿತು. ಆ ಒಬ್ಬನಿಗಾದರೂ ಸರಿಯಾದದ್ದು ಸಿಗಬೇಡವೇ?

ನಮ್ಮ ಶಾಲೆಯ ಹುಡುಗಿಯೊಬ್ಬಳ ತಾಯಿ ಸೆರಗಿನಲ್ಲಿ ಪುಡಿಯ ಪೊಟ್ಟಣ ಕಟ್ಟಿಕೊಂಡು ಬಂದಿದ್ದಳು. "ಅಕ್ಕೋರ, ಗಂಡಗ ಗೊತ್ತಾಗದಂಗ ಸಾರಿನಾಗ ಕಲಸಿ ಹಾಕು ಅಂದಾರ್ರಿ. ಹಾಕ್ಲೇನ್ರಿ?" ಕೊಟ್ಟವರು ಚಟ ಬಿಡಿಸುವ ಕೆಲಸದವರೇ! ಬೇಡವೇ ಬೇಡ ಎಂದೆ. ಇಂಥ ಪುಡಿಯಲ್ಲಿ ಏನಿದೆಯೆಂದು ಯಾರು ಬಲ್ಲರು? ಡೈಸಲ್ಫಿರಾಮ್ ಇದ್ದರೆ, ಅದರ ಮೇಲೆ ಕುಡಿದಾಗ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿದು ಜೀವವೇ ಹೋಗಬಹುದು. ರೋಗಿಗೆ ತಿಳಿಸಿ, ಅವನ ಒಪ್ಪಿಗೆ ಪಡೆದು, ವೈದ್ಯರು ಕೊಟ್ಟಾಗ ಅದು ಔಷಧ. ಕದ್ದು ಹಾಕಿದರೆ ವಿಷ. ಆ ಪಾಪವನ್ನು ಹೆಂಡತಿಯ ಕೈಯಿಂದ ಮಾಡಿಸುವುದು ಯಾವ ಸೇವೆ?

ವರ್ಷಗಟ್ಟಲೆ ವಿಪರೀತ ಕುಡಿದವನನ್ನು ಒಮ್ಮೆಲೇ ಬಿಡಿಸಿ ಕೋಣೆಯಲ್ಲಿ ಕೂಡಿಹಾಕುವುದೂ ಅಷ್ಟೇ ಅಪಾಯ. ಒಂದೆರಡು ದಿನಗಳಲ್ಲಿ ಕೈಕಾಲು ನಡುಗಿ ಫಿಟ್ಸ್ ಬರಬಹುದು. ಎರಡು ಮೂರನೆಯ ದಿನ ಭ್ರಮೆ ಹಿಡಿಯಬಹುದು. ಆಗ ಬೇಕಾದದ್ದು ನಡುಕ ತಗ್ಗಿಸುವ ಔಷಧ, ಬಿ-1 ಜೀವಸತ್ವದ ಸೂಜಿ, ಬಳಿಯಲ್ಲೇ ಇರುವ ವೈದ್ಯರು. ಬರೀ ಉಪದೇಶದಿಂದ ಫಿಟ್ಸ್ ನಿಲ್ಲುವುದಿಲ್ಲ. ಇನ್ನು ಚಟದ ಮಾತು. ನಾಲ್ಟ್ರೆಕ್ಸೋನ್ ಎಂಬ ಗುಳಿಗೆ ಕುಡಿಯುವ ತುಡಿತ ತಗ್ಗಿಸುತ್ತದೆ. ಅದು ಚಟ ಹಚ್ಚುವುದಿಲ್ಲ. ಅಮೆರಿಕದಲ್ಲಿ 1994ರಿಂದ ಈ ಚಿಕಿತ್ಸೆಗೆ ಅದಕ್ಕೆ ಮಾನ್ಯತೆಯಿದೆ.

ವೈದ್ಯರಿಲ್ಲದ ಹಳ್ಳಿಯಲ್ಲಿ ಇದೆಲ್ಲ ಹೇಗೆ ಎಂದು ಕೇಳುವವರು ನೆರೆಯ ಗೋವೆಯನ್ನು ನೋಡಲಿ. ಅಲ್ಲಿ ಸಂಗಾತ್ ಸಂಸ್ಥೆಯವರು ವೈದ್ಯರಲ್ಲದ ಸಾಮಾನ್ಯ ಜನರಿಗೇ ತರಬೇತಿ ಕೊಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೂರಿಸಿದರು. ಕುಡಿತದಿಂದ ಕೆಡುತ್ತಿದ್ದರೂ ಚಟ ಇನ್ನೂ ಪೂರಾ ಬೇರೂರದ ಗಂಡಸರೊಡನೆ ಹೆಚ್ಚೆಂದರೆ ನಾಲ್ಕು ಸಲ, ಬಯ್ಯದೆ, ಕ್ರಮಬದ್ಧವಾಗಿ ಮಾತಾಡಿಸಿದರು. ಮೂರು ತಿಂಗಳ ಮೇಲೆ ನೂರಕ್ಕೆ 36 ಜನ ಆ ಸ್ಥಿತಿಯಿಂದ ಹೊರಬಂದಿದ್ದರು. ಎಂದಿನ ಚಿಕಿತ್ಸೆ ಮಾತ್ರ ಪಡೆದವರಲ್ಲಿ 26 ಜನ. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಇದನ್ನು ಪ್ರಕಟಿಸಿತು. ದೊಡ್ಡ ಡಿಗ್ರಿಯೇ ಬೇಕೆಂದಿಲ್ಲ, ಕಲಿಯುವ ಮನಸ್ಸಿದ್ದರೆ ಆದೀತು.

ಪರೀಕ್ಷೆಗೆ ಇವರು ಹೆದರಬೇಕಾದದ್ದೂ ಇಲ್ಲ. ಕುಡಿತ ಬಿಟ್ಟವರು ಒಟ್ಟಿಗೆ ಕೂತು ಮಾತಾಡುವ 'ಆಲ್ಕೊಹಾಲಿಕ್ಸ್ ಅನಾನಿಮಸ್' ಪದ್ಧತಿ 1935ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿದ 2020ರ ಕಾಕ್ರೇನ್ ವಿಮರ್ಶೆ, ಅದನ್ನು ಕ್ರಮವಾಗಿ ನಡೆಸಿದರೆ ಪೂರಾ ಬಿಡಿಸುವುದರಲ್ಲಿ ಬೇರೆ ಚಿಕಿತ್ಸೆಗಳಿಗಿಂತ ಒಂದು ಕೈ ಮೇಲೆಂದೇ ಹೇಳಿತು. ಅನುಭವಸ್ಥರ ಸಂಗದ ಬಲ ಸುಳ್ಳಲ್ಲ. ಅದರ ಹೆಸರಿನಲ್ಲಿ ಔಷಧವನ್ನು ಹೊರಗಿಡುವುದು ತಪ್ಪು.

ಅಕ್ಕ-ತಂಗಿಯರೇ, ಸೀರೆ ಕೊಳ್ಳುವಾಗ ಸೆರಗು ಬಿಚ್ಚಿ ನೋಡುವ ನಾವು ಮನೆಯವರ ಜೀವ ಒಪ್ಪಿಸುವಾಗ ಯಾಕೆ ಬಾಯಿ ಮುಚ್ಚಬೇಕು? ನೋಂದಣಿ ಇದೆಯೇ? ವೈದ್ಯರು ಯಾವಾಗ ಬರುತ್ತಾರೆ? ಯಾವ ಔಷಧ, ಯಾಕೆ? ಮತ್ತೆ ಕುಡಿದರೆ ಮುಂದೇನು? ಇಷ್ಟು ಕೇಳಿ. ಸರಪಳಿ ಬಿಗಿಯುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ, ಕಂಡರೆ ಸುಮ್ಮನಿರಬೇಡಿ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಮನೆಯಿಂದ ಹೊರಡಲಾಗದಿದ್ದರೆ 14416ಕ್ಕೆ ಪುಕ್ಕಟೆ ಫೋನು ಮಾಡಿ ಕೇಳಬಹುದು.

ಕೇಂದ್ರ ನಡೆಸುವವರಿಗೂ ಒಂದು ಮಾತು. ಕುಡಿಯುವವನಿಗೆ "ನೀನು ಬದಲಾಗಬೇಕು" ಎಂದು ದಿನಾ ಹೇಳುತ್ತೀರಲ್ಲ, ಬದಲಾಗುವ ಆ ಪಾಠವನ್ನು ಮೊದಲು ನೀವು ಕಲಿಯಿರಿ.